ಡಯಾಲಿಸಿಸ್ ಆದ ಮೇಲೂ ಬಿಪಿ 180: ಏನೇನು ನೋಡಬೇಕು?

ಪ್ರಶ್ನೆ: ಅಪ್ಪನಿಗೆ ವಾರಕ್ಕೆ 2 ಸಲ ಡಯಾಲಿಸಿಸ್. ಮೂರು ಬಗೆಯ ಬಿಪಿ ಮಾತ್ರೆ ತಗೊಂಡರೂ ಮನೇಲಿ 180/100. ಮಶಿನ್ ಮೇಲಿದ್ದಾಗ ಮಾತ್ರ 90ಕ್ಕೆ ಬೀಳುತ್ತೆ. ಅಮ್ಮನ ಕಿಡ್ನಿ ಹಾಕಿಸುವ ಮಾತು ನಡೀತಿದೆ, ಆಮೇಲೆ ಬಿಪಿ ಮಾತ್ರೆ ನಿಲ್ಲುತ್ತಾ? ತಿಳಿದವರು ಹೇಳಿ.

ಡಯಾಲಿಸಿಸ್ ಟೆಕ್ನಿಷಿಯನ್: ಮಾತ್ರೆಗಿಂತ ಮೊದಲು ತೂಕದ ಚಾರ್ಟ್ ನೋಡಿ. ಹೋದ ಸಲ ಮುಗಿಸಿ ಹೋಗುವಾಗ 56 ಕೆಜಿ, ಈಗ 60 ಅಂದ್ರೆ ಮೈಯಲ್ಲಿ 4 ಲೀಟರ್ ನೀರು ಕೂತಿದೆ. 4 ಗಂಟೆಯಲ್ಲಿ ಎಳೆದರೆ ಗಂಟೆಗೆ 1 ಲೀಟರ್ ಆಯ್ತು. ಕೆಜಿ ತೂಕಕ್ಕೆ ಗಂಟೆಗೆ 13 ಮಿಲಿ ದಾಟದಿದ್ದರೆ ಒಳ್ಳೇದು, 56 ಕೆಜಿಯವರಿಗೆ ಅದು ಸುಮಾರು 730 ಮಿಲಿ. ಅದನ್ನ ಮೀರಿ ಎಳೆಯೋದಕ್ಕೇ ಬಿಪಿ ಬೀಳೋದು, ಮೀನಖಂಡ ಹಿಡ್ಕೊಳ್ಳೋದು. ಬಿದ್ದ ತಕ್ಷಣ ಸಲೈನ್ ಕೊಟ್ಟು ನೀರು ತೆಗೆಯೋದನ್ನ ನಿಲ್ಲಿಸ್ತಾರೆ. ಉಳಿದ ನೀರು ಮನೆಗೆ ಹೋಗುತ್ತೆ, ಬಿಪಿ ಮತ್ತೆ 180. ಡ್ರೈ ವೇಟ್, ಅಂದ್ರೆ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, ಮತ್ತೊಮ್ಮೆ ಪರೀಕ್ಷಿಸೋಕೆ ಹೇಳಿ. ಊಟ ಸೇರದೆ ಸೊರಗಿದವರಲ್ಲಿ ಮಾಂಸ ಕರಗಿ ಆ ಜಾಗಕ್ಕೆ ನೀರು ಬಂದಿರುತ್ತೆ, ತಕ್ಕಡಿಗೆ ಗೊತ್ತಾಗಲ್ಲ. ವಾರಕ್ಕೆ 3 ಸಲ ಮಾಡಿಸೋಕಾದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತೆ.

ಆಹಾರ ತಜ್ಞೆ: ನೀರು ಕುಡೀಬೇಡಿ ಅಂತ ಗದರಿ ಪ್ರಯೋಜನವಿಲ್ಲ. 8 ಗ್ರಾಂ ಉಪ್ಪು ಒಳಗೆ ಹೋದರೆ ಬಾಯಾರಿಕೆ ಸುಮಾರು 1 ಲೀಟರ್ ನೀರು ಕುಡಿಸೇ ಕುಡಿಸುತ್ತೆ. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ, ಅಂದ್ರೆ ಒಂದು ಟೀ ಚಮಚ ಮಟ್ಟಸವಾಗಿ. ಸಾರಿಗೆ ಉಪ್ಪು ಹಾಕೋ ಮುಂಚೆಯೇ ಅವರ ಪಾಲು ತೆಗೆದಿಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಬೇಡ. ಲೋ ಸೋಡಿಯಂ ಉಪ್ಪಂತೂ ಮನೆಗೇ ತರಬೇಡಿ: ಅದರಲ್ಲಿರೋದು ಪೊಟ್ಯಾಸಿಯಂ, ಏರಿದರೆ ಹೃದಯವೇ ನಿಲ್ಲಬಹುದು. ನೀರಿನ ಲೆಕ್ಕ: ದಿನದ ಮೂತ್ರದ ಅಳತೆ, ಅದರ ಮೇಲೆ 500 ಮಿಲಿ. ಬೆಳಿಗ್ಗೆ ಅಷ್ಟನ್ನು ಬಾಟಲಿಗೆ ತುಂಬಿಡಿ; ಕಾಫಿ, ಮಜ್ಜಿಗೆ, ತಿಳಿಸಾರು ಎಷ್ಟು ಕುಡಿದರೋ ಅಷ್ಟನ್ನು ಬಾಟಲಿಯಿಂದ ಚೆಲ್ಲಿ.

ನರ್ಸ್: ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿ ಕಟ್ಟಲೇಬೇಡಿ. ಬಿಪಿ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್, ಅಟೆನೊಲಾಲ್ ಡಯಾಲಿಸಿಸ್‌ನಲ್ಲಿ ತೊಳೆದುಹೋಗುತ್ತವೆ, ಅಮ್ಲೊಡಿಪಿನ್, ಟೆಲ್ಮಿಸಾರ್ಟನ್ ಹೋಗಲ್ಲ. ಯಾವುದನ್ನು ಮುಗಿದ ಮೇಲೆ, ಯಾವುದನ್ನು ರಾತ್ರಿ ಅಂತ ಡಾಕ್ಟರ್ ಹತ್ರ ಬರೆಸ್ಕೊಳ್ಳಿ. ಕ್ಲೋನಿಡಿನ್ ಇದ್ದರೆ ನೀವಾಗೇ ನಿಲ್ಲಿಸಬೇಡಿ, ಬಿಪಿ ಒಮ್ಮೆಲೇ ಜಿಗಿಯುತ್ತೆ. ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಕೂಡ ಬಿಪಿ ಏರಿಸುತ್ತೆ. ಡೋಸ್ ಹೆಚ್ಚಾದಾಗಿನಿಂದ ಶುರುವಾಯ್ತಾ ನೋಡಿ. ಉಸಿರಾಟಕ್ಕೆ ಕಷ್ಟ, ಕಣ್ಣು ಮಂಜು, ವಿಪರೀತ ತಲೆನೋವು ಇದ್ದರೆ ಮುಂದಿನ ಡಯಾಲಿಸಿಸ್‌ವರೆಗೂ ಕಾಯಬೇಡಿ.

ಕಸಿ ವಿಭಾಗದ ಕೋಆರ್ಡಿನೇಟರ್: ಮಾತ್ರೆ ಕಡಿಮೆಯಾಗಬಹುದು, ನಿಂತೇಹೋಗುತ್ತೆ ಅಂದುಕೊಳ್ಳಬೇಡಿ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್, ಸ್ಟಿರಾಯ್ಡ್ ಎರಡೂ ಬಿಪಿ ಏರಿಸುತ್ತವೆ. 130/80ರ ಒಳಗಿಡೋದು ಗುರಿ, ಸಾಮಾನ್ಯವಾಗಿ ಅಮ್ಲೊಡಿಪಿನ್‌ನಿಂದ ಶುರು. ಊರಿನ ಡಾಕ್ಟರ್ ಡಿಲ್ಟಿಯಾಜೆಮ್ ಅನ್ನೋ ಬಿಪಿ ಮಾತ್ರೆ ಬರೆದರೆ ಕಸಿ ತಂಡಕ್ಕೆ ಹೇಳದೆ ತಗೋಬೇಡಿ: ರಕ್ತದಲ್ಲಿ ಟ್ಯಾಕ್ರೊಲಿಮಸ್ ಲೆವೆಲ್ ಏರಿ ಕೈ ನಡುಗುತ್ತೆ, ಕ್ರಿಯಾಟಿನಿನ್ (ಕಿಡ್ನಿ ಕೆಲಸ ತಗ್ಗಿದರೆ ರಕ್ತದಲ್ಲಿ ಏರುವ ಅಂಶ) ಹೆಚ್ಚುತ್ತೆ. ತಗೊಳ್ತಿದ್ದ ಡಿಲ್ಟಿಯಾಜೆಮ್ ದಿಢೀರ್ ಬಿಟ್ಟರೆ ಲೆವೆಲ್ ಇಳಿದು ರಿಜೆಕ್ಷನ್ ಭಯ, ಅಂದ್ರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ಚಕ್ಕೋತವೂ ಲೆವೆಲ್ ಏರಿಸುತ್ತೆ. ದೇವನಹಳ್ಳಿಯಿಂದ ನೆಂಟರು ತಂದರೂ ಬೇಡ. ಇನ್ನು, ಹತೋಟಿಯಲ್ಲಿದ್ದ ಬಿಪಿ ಕೆಲವು ತಿಂಗಳ ನಂತರ ಕಾರಣವಿಲ್ಲದೆ ಏರಿತು, ಟೆಲ್ಮಿಸಾರ್ಟನ್ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಜಿಗಿಯಿತು ಅಂದ್ರೆ ಹೊಸ ಕಿಡ್ನಿಯ ರಕ್ತನಾಳ ಕಿರಿದಾಗಿರಬಹುದು. ಆಗ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕು, ನಾಲ್ಕನೇ ಮಾತ್ರೆ ಅಲ್ಲ.