ಪದಚರ್ಚೆ: ಕೊಂಡಿಯನ್ನು ‘ಮಗುಚುವ’ ಕಿಣ್ವ ಅನ್ನಬಹುದೇ?

ಗೆಳೆಯರೇ,

ಕಡಲ ಪಾಚಿಯ ಸಕ್ಕರೆ ಸರಪಳಿಗಳನ್ನು ಕಿಣ್ವಗಳ ಕೈಯಲ್ಲಿ ಬೇಕಾದ ಹಾಗೆ ಮಾಡಿಸಿಕೊಳ್ಳುವ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಹೆಸರುಗಳದ್ದು ತಕರಾರಿಲ್ಲ, ಆಲ್ಜಿನೇಟ್ ಆಲ್ಜಿನೇಟಾಗಿಯೇ ಇರಲಿ. ನಾನು ಸಿಕ್ಕಿಕೊಂಡಿರುವುದು ಒಂದು ಕ್ರಿಯಾಪದದಲ್ಲಿ.

ವಿಷಯ ಹೀಗಿದೆ. ಕಂದು ಪಾಚಿಯಲ್ಲಿರುವ ಆಲ್ಜಿನೇಟ್ ಒಂದು ಉದ್ದನೆಯ ಸರಪಳಿ. ಅದರಲ್ಲಿ ಎರಡೇ ಬಗೆಯ ಕೊಂಡಿ: ಮ್ಯಾನ್ಯುರಾನಿಕ್ ಆಮ್ಲ, ಗುಲ್ಯುರಾನಿಕ್ ಆಮ್ಲ. ಚಿಕ್ಕದಾಗಿ ‘ಎಂ’ ಮತ್ತು ‘ಜಿ’. ಎರಡರಲ್ಲೂ ಇರುವ ಪರಮಾಣುಗಳು ಅವವೇ. ಐದನೇ ಇಂಗಾಲಕ್ಕೆ ಅಂಟಿರುವ ಗುಂಪು ಯಾವ ಕಡೆಗೆ ಚಾಚಿದೆ ಅನ್ನುವುದಷ್ಟೇ ವ್ಯತ್ಯಾಸ. ಜೀವಕೋಶ ಮೊದಲು ಬರೀ ಎಂ ಕೊಂಡಿಗಳ ಸರಪಳಿ ಕಟ್ಟುತ್ತದೆ. ಆಮೇಲೆ ಎಪಿಮರೇಸ್ ಎಂಬ ಕಿಣ್ವ ಬಂದು, ಸರಪಳಿಯನ್ನು ಎಲ್ಲೂ ತುಂಡು ಮಾಡದೆ, ಕೆಲವು ಎಂಗಳನ್ನು ಇದ್ದಲ್ಲೇ ಜಿ ಮಾಡುತ್ತದೆ. ಜಿಗಳು ಸಾಲಾಗಿ ಬಂದ ಕಡೆ ಎರಡು ಸರಪಳಿಗಳ ನಡುವೆ ಕ್ಯಾಲ್ಸಿಯಂ ಬಂದು, ಟ್ರೇಯಲ್ಲಿ ಮೊಟ್ಟೆ ಕೂತ ಹಾಗೆ ಕೂರುತ್ತದೆ. ಆಗ ಗಟ್ಟಿ ಜೆಲ್ ಆಗುತ್ತದೆ. ಎಂ, ಜಿ ಒಂದು ಬಿಟ್ಟು ಒಂದು ಬಂದರೆ ಸರಪಳಿ ಬಳುಕುವುದು ಜಾಸ್ತಿ.

ಅಜೋಟೋಬ್ಯಾಕ್ಟರ್ ವಿನೆಲ್ಯಾಂಡಿ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಇಂಥ 7 ಕಿಣ್ವಗಳನ್ನು ಹೊರಕ್ಕೆ ಬಿಡುತ್ತದೆ. ಆಲ್ಜ್‌ಇ4 ಒಂದು ಬಿಟ್ಟು ಒಂದರಂತೆ ಜಿ ಮಾಡುತ್ತದೆ, ಆಲ್ಜ್‌ಇ6 ಉದ್ದುದ್ದ ಜಿ ಸಾಲುಗಳನ್ನೇ ಮಾಡುತ್ತದೆ. ಆಲ್ಜ್‌ಇ7 ಅಂತೂ ಇದರ ಜೊತೆಗೆ ಸರಪಳಿಯನ್ನು ಕತ್ತರಿಸುತ್ತದೆ ಕೂಡ! ಇವುಗಳ ಭಾಗಗಳನ್ನು ಅದಲು ಬದಲು ಮಾಡಿ ಜೋಡಿಸಿ ಹೊಸ ಕಿಣ್ವಗಳನ್ನೂ ಮಾಡಿದ್ದಾರೆ.

ನನ್ನ ಕರಡಿನಲ್ಲಿ ‘ಮಾರ್ಪಡಿಸಿದ ಕಿಣ್ವ ಮಾರ್ಪಡಿಸಿದ ಆಲ್ಜಿನೇಟ್’ ಎಂದಿತ್ತು. ಯಾರು ಯಾರನ್ನು ಮಾರ್ಪಡಿಸಿದರು ಅಂತ ಓದುಗ ತಲೆ ಕೆರೆದುಕೊಳ್ಳಬೇಕು, ಅಲ್ವಾ? ನಾವು ಕಿಣ್ವಕ್ಕೆ ಮಾಡುವುದನ್ನು ‘ತಿದ್ದು’ ಅಂದುಕೊಂಡೆ. ಕತ್ತರಿಸುವ ಲಯೇಸ್‌ಗೆ, ಸಲ್ಫೇಟನ್ನು ಕಳಚುವ ಸಲ್ಫಟೇಸ್‌ಗೆ ಪದ ತಾನಾಗಿಯೇ ಬಂತು. ಎಪಿಮರೇಸ್ ಮಾಡುವ ಕೆಲಸಕ್ಕೆ ಮಾತ್ರ ಸಿಗುತ್ತಿಲ್ಲ.

‘ರೂಪಾಂತರ’ ತೀರಾ ದೊಡ್ಡ ಮಾತು, ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ‘ತಿರುಗಿಸು’ ಅಂದರೆ ತಪ್ಪೇ ಆಗುತ್ತದೆ. ರಾಸಾಯನಿಕ ಬಂಧದ ಸುತ್ತ ಗುಂಪುಗಳು ಸುಮ್ನೆ ತಿರುಗುತ್ತಲೇ ಇರುತ್ತವೆ. ಎಷ್ಟು ತಿರುಗಿದರೂ ಎಂ ಜಿ ಆಗುವುದಿಲ್ಲ. ‘ತಿರುಚು’ ಅಂದರೆ ಸರಪಳಿಯನ್ನೇ ಹಿಂಡಿದ ಹಾಗೆ.

ಉಳಿದದ್ದು ‘ಮಗುಚು’ ಮತ್ತು ‘ಹೊರಳಿಸು’. ಕೆಳಮುಖ ಮೇಲಾಯಿತು, ಜಾಗ ಬದಲಾಗಲಿಲ್ಲ ಅನ್ನುವುದು ‘ಮಗುಚು’ವಿನಲ್ಲಿ ಚೆನ್ನಾಗಿ ಬರುತ್ತದೆ. ಆದರೆ ‘ದೋಣಿ ಮಗುಚಿತು’ ಅಂದಾಗ ಅನಾಹುತದ ವಾಸನೆ ಇದೆ. ಮೇಲಾಗಿ ‘ಕಿಣ್ವ ಮಗುಚುತ್ತದೆ’ ಅಂದರೆ ಕಿಣ್ವವೇ ಬೋರಲಾಯಿತೇನೋ ಅನಿಸಬಹುದು. ‘ಹೊರಳಿಸು’ವಿನಲ್ಲಿ ಆ ಗೊಂದಲವಿಲ್ಲ. ಅಲ್ಲಿ ಉರುಳುವ ಅರ್ಥ ಇಣುಕುತ್ತದೆ, ಆದರೂ ‘ಮಗ್ಗುಲು ಹೊರಳು’ ಅನ್ನುವಾಗ ಮಲಗಿದ ಜಾಗ ಅದೇ ಇರುತ್ತದಲ್ಲ?

ಎರಡನ್ನೂ ವಾಕ್ಯದಲ್ಲಿ ಇಟ್ಟು ನೋಡಿ:

‘ಆಲ್ಜ್‌ಇ4 ಒಂದು ಬಿಟ್ಟು ಒಂದು ಕೊಂಡಿಯನ್ನು ಮಗುಚುತ್ತಾ ಹೋಗುತ್ತದೆ.’

‘ಆಲ್ಜ್‌ಇ4 ಒಂದು ಬಿಟ್ಟು ಒಂದು ಕೊಂಡಿಯನ್ನು ಹೊರಳಿಸುತ್ತಾ ಹೋಗುತ್ತದೆ.’

ನನ್ನ ಕಿವಿಗೆ ಮೊದಲನೆಯದೇ ಹಿತ. ಕರ್ಮಪದ ಜೊತೆಗಿದ್ದರೆ ‘ಮಗುಚು’ವಿನ ಅನಾಹುತದ ಅರ್ಥ ನಿಮಗೂ ಕಾಣೆಯಾಗುತ್ತದೆಯೇ? ‘ಮಗುಚುಕಿಣ್ವ’ ಅಂತ ಸಮಾಸ ಮಾಡಿದರೆ ನಾಲಿಗೆಗೆ ಒಗ್ಗುತ್ತದೆಯೇ, ಇಲ್ಲ ‘ಮಗುಚುವ ಕಿಣ್ವ’ ಅಂತ ಬಿಡಿಸಿಯೇ ಬರೆಯಬೇಕೇ?