ಮನೆಮಾತು ತೆಲುಗು, ಶಾಲೆ ಕನ್ನಡ: 13,000 ರೂಪಾಯಿಗೆ ಯಾವ ಪುಸ್ತಕ ತರೋದು?

ಬಾಗೇಪಲ್ಲಿ_ಓದುಮನೆ:
ಬಾಗೇಪಲ್ಲಿ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆ, 1ರಿಂದ 7ನೇ ತರಗತಿ, ಮಕ್ಕಳು 94. ಅರವತ್ತು ಮಕ್ಕಳ ಮನೆಮಾತು ತೆಲುಗು, ಹದಿನೆಂಟು ಮಕ್ಕಳದು ಉರ್ದು, ಎಂಟು ಮಕ್ಕಳು ಲಂಬಾಣಿ ತಾಂಡಾದವರು, ಉಳಿದ ಎಂಟು ಮಂದಿ ಮಾತ್ರ ಮನೆಯಲ್ಲೂ ಕನ್ನಡದವರು. ಗ್ರಂಥಾಲಯ ಅನುದಾನ 13,000 ರೂ. ಬಂದಿದೆ. ಬೀರುವಿನಲ್ಲಿ ಈಗ ಮುನ್ನೂರು ಪುಸ್ತಕ ಇವೆ. ನೀತಿಕಥೆ, ಪುರಾಣ, ನಾಯಕರ ಜೀವನ ಚರಿತ್ರೆಯೇ ಹೆಚ್ಚು. ಬೇರೆ ಬೇರೆ ಮನೆ, ಊರು, ಭಾಷೆಗಳ ಬದುಕು ಇರುವ ಪುಸ್ತಕ ಬೇಕು. ಆರಿಸುವುದು ಹೇಗೆ? ಕನ್ನಡ ಮಾಧ್ಯಮದ ಶಾಲೆಗೆ ತೆಲುಗು ಪುಸ್ತಕ ತಂದು ಉಪಯೋಗ ಉಂಟಾ?

ಚಿಂತಾಮಣಿ_ದಾಸ್ತಾನು:
ಮೇಷ್ಟ್ರೇ, ಅಂಗಡಿಗೆ ಹೋಗುವ ಮುಂಚೆ ಬೀರು ಎಣಿಸಿ. ಕೈಗೆ ಸಿಕ್ಕ 50 ಪುಸ್ತಕ ತೆಗೆದು ಒಂದು ಹಾಳೆಯಲ್ಲಿ ಕಲಂ ಹಾಕಿ: ಕಥೆ ನಡೆಯೋದು ಯಾರ ಮನೆಯಲ್ಲಿ, ಆ ಮನೆಯವರ ಕಸುಬೇನು, ಮಕ್ಕಳ ಹೆಸರೇನು, ಕೊನೆಗೆ ಸಮಸ್ಯೆ ಬಿಡಿಸಿದ್ದು ಯಾರು. ಬರೀ ಪ್ರಾಣಿಗಳಿರುವ ಕಥೆಗಳನ್ನು ಬೇರೆ ಗುಡ್ಡೆ ಹಾಕಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತೆ. ಮಗುವಿಗೆ ಪುಸ್ತಕ ತನ್ನ ಬದುಕು ಕಾಣುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕು ಕಾಣುವ ಕಿಟಕಿಯೂ ಆಗಬೇಕು ಅಂತ ಅಮೆರಿಕದ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ನಮ್ಮ ಕಡೆಯ ಬೀರುಗಳಲ್ಲಿ ಕಿಟಕಿ ಹೇಗೋ ಸಿಗುತ್ತೆ, ಕನ್ನಡಿಯೇ ಇರಲ್ಲ. ರೇಷ್ಮೆ ಹುಳು ಮೇಯಿಸುವ ಮನೆ, ಟೊಮೆಟೊ ಮಂಡಿ, ಕುರಿ ದೊಡ್ಡಿ, ಬೀಡಿ ಕಟ್ಟುವ ಅಮ್ಮ, ಇವು ಎಷ್ಟು ಪುಸ್ತಕದಲ್ಲಿವೆ ನೋಡಿ.

ಆರಿಸುವಾಗ ಚಿತ್ರಕ್ಕೆ ಮೋಸ ಹೋಗಬೇಡಿ. ತಾಂಡಾದ ಹುಡುಗಿ ಬಂದಳು, ಕನ್ನಡಿ ಹಚ್ಚಿದ ಲಂಗ ತೊಟ್ಟು ಕುಣಿದಳು, ಕಥೆ ಮುಗೀತು ಅನ್ನುವಂಥದ್ದು ಬೇಡ. ಮುಸ್ಲಿಂ ಮನೆ ರಂಜಾನ್ ದಿನ ಮಾತ್ರ ಕಾಣಿಸಿಕೊಳ್ಳುವುದು, ದಲಿತ ಹುಡುಗ ಬರೀ ಕನಿಕರಕ್ಕೆ ಇರುವುದು, ಇವೂ ಅದೇ ಬಗೆಯ ಪುಸ್ತಕಗಳು. ಆ ಮಗು ಸೈಕಲ್ ಪಂಕ್ಚರ್ ಹಾಕಬೇಕು, ಲೆಕ್ಕ ತಪ್ಪಬೇಕು, ತಮ್ಮನ ಜೊತೆ ಜಗಳ ಆಡಬೇಕು. ಹಬ್ಬದ್ದು ಒಂದು ತಂದರೆ ದಿನನಿತ್ಯದ್ದು ಮೂರು ತನ್ನಿ.

ಲೆಕ್ಕ ಹೀಗೆ ಹಾಕಿ: ಒಂದು ಚಿತ್ರಪುಸ್ತಕಕ್ಕೆ ಸರಾಸರಿ 75 ರೂ. ಹಿಡಿದರೆ 70 ಶೀರ್ಷಿಕೆ, ಎರಡೆರಡು ಪ್ರತಿ, 10,500 ರೂ. ಒಂದೇ ಪ್ರತಿ ತಂದು 140 ಶೀರ್ಷಿಕೆ ಮಾಡುವ ಆಸೆ ಬರುತ್ತೆ, ಬೇಡ. ಜೋಡಿಯಾಗಿ ಕೂತು ಓದಲು, ಒಂದು ಹರಿದಾಗ ಇನ್ನೊಂದು ಉಳಿಯಲು ಎರಡು ಬೇಕು. ಉಳಿದ 2,500 ರೂ. ಮುದ್ರಣಕ್ಕೂ ದುರಸ್ತಿಗೂ ಇಟ್ಟುಕೊಳ್ಳಿ. ಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟು ನಡಾವಳಿ ಬರೆಸಿ. ತೆಲುಗು, ಉರ್ದು ಯಾಕೆ ಅಂತ ಯಾರೇ ಕೇಳಿದರೂ ಮಕ್ಕಳ ಮನೆಮಾತಿನ ಎಣಿಕೆ ಅದರಲ್ಲೇ ಇರಲಿ.

ಮುಳಬಾಗಿಲು_ಎರಡುನಾಲಗೆ:
ತೆಲುಗು ಪುಸ್ತಕದ ವಿಷಯದಲ್ಲಿ ಒಂದು ಎಡವಟ್ಟು ಇದೆ. ನಿಮ್ಮ ಮಕ್ಕಳಿಗೆ ತೆಲುಗು ಬಾಯಿಗೆ ಬರುತ್ತೆ, ಕಣ್ಣಿಗೆ ಬರಲ್ಲ. ಕಲಿತಿರುವುದು ಕನ್ನಡ ಲಿಪಿ. ತೆಲುಗು ಲಿಪಿಯ ಪುಸ್ತಕ ಕೊಟ್ಟರೆ ಅರವತ್ತು ಮಕ್ಕಳೂ ಚಿತ್ರ ನೋಡಿ ಇಟ್ಟುಬಿಡುತ್ತಾರೆ. ಕನ್ನಡ ಸಾಲಿನ ಕೆಳಗೆ ತೆಲುಗು ಸಾಲನ್ನು ಕನ್ನಡ ಅಕ್ಷರದಲ್ಲೇ ಬರೆದು ಅಂಟಿಸಿ. ಎ, ಏ, ಒ, ಓ ಎರಡೂ ಭಾಷೆಯಲ್ಲಿರುವುದರಿಂದ ಅಕ್ಷರಕ್ಕೆ ಅಕ್ಷರ ಕೂರುತ್ತೆ. ತಕರಾರು ಚ, ಜ ದಲ್ಲಿ ಮಾತ್ರ: ತೆಲುಗಿನ ‘ಚಾಪ’ (ಚಾಪೆ) ಬಾಯಲ್ಲಿ ‘ತ್ಸಾಪ’ ಆಗುತ್ತೆ. ‘ಚಾಪ’ ಅಂತಲೇ ಬರೆಯಿರಿ. ಪದ ಗೊತ್ತಿರುವ ಮಗು ಸರಿಯಾಗಿಯೇ ಓದುತ್ತೆ.

ಪುಸ್ತಕದ ತೆಲುಗು ಇಲ್ಲಿನ ತೆಲುಗಲ್ಲ ಅನ್ನೋದೂ ನೆನಪಿರಲಿ. ಅಪ್ಪನಿಗೆ ಅಲ್ಲಿ ‘ನಾನ್ನ’ ಇರುತ್ತೆ, ಗಡಿ ಕಡೆಯ ಮನೆಗಳಲ್ಲಿ ‘ನಾಯ್ನ’. ಅಂಟಿಸುವ ಮುಂಚೆ ಊರಿನ ಒಬ್ಬ ಅಜ್ಜಿಗೆ ಓದಿ ಹೇಳಿ. ಅವರು ಎಲ್ಲಿ ನಕ್ಕರೋ ಆ ಪದ ಬದಲಿಸಿ.

ಕೆಜಿಎಫ್ ಕಡೆಯವರು ತಮಿಳಿಗೆ ಇದನ್ನೇ ಮಾಡಲು ಹೋದರೆ ಅಕ್ಷರ ನೋಡಿ ಬರೆಯಬೇಡಿ, ಕಿವಿಯಿಂದ ಬರೆಯಿರಿ. ತಮಿಳಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ‘ಪಾಂಬು’ (ಹಾವು) ಹೋಗಿ ‘ಪಾಂಪು’ ಆಗುತ್ತೆ. ತಾಂಡಾದ ಮಾತಿಗೆ ಸ್ವಂತ ಲಿಪಿ ಇಲ್ಲ, ಆದ್ದರಿಂದ ಕನ್ನಡ ಅಕ್ಷರಕ್ಕೆ ಯಾವ ತಕರಾರೂ ಇಲ್ಲ.

ಶಿರಾ_ಗಣೆ:
ಎಲ್ಲಾ ಕನ್ನಡ ಅಕ್ಷರದಲ್ಲೇ ಅಂದರೆ ಒಪ್ಪಲ್ಲ. ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದ ಜಿಲ್ಲೆ ನಿಮ್ಮದು. 6, 7ನೇ ತರಗತಿಗೆ ಹತ್ತು ಪುಸ್ತಕ ತೆಲುಗು ಲಿಪಿಯಲ್ಲೇ ಇರಲಿ. ಕನ್ನಡ ಬಂದವರಿಗೆ ತಲೆಕಟ್ಟಿನ ವ್ಯತ್ಯಾಸ ಹಿಡಿಯುವುದು ಕಷ್ಟವಲ್ಲ.

ಇನ್ನೊಂದು, ಅಚ್ಚಾದದ್ದೇ ಪುಸ್ತಕ ಅಂದುಕೊಳ್ಳಬೇಡಿ. ನಮ್ಮ ಕಡೆ ಕಾಡುಗೊಲ್ಲರ ದೈವ ಜುಂಜಪ್ಪನ ಕಾವ್ಯ ಬಾಯಲ್ಲೇ ಉಳಿದು ಬಂದದ್ದು. ಹಿರಿಯರ ಕಥೆ ಬರೆದುಕೊಂಡು ಮಕ್ಕಳಿಂದ ಚಿತ್ರ ಬಿಡಿಸಿ ಕೈಪುಸ್ತಕ ಮಾಡಿ, ದಾಸ್ತಾನು ವಹಿಯಲ್ಲಿ ನಂಬರೂ ಕೊಡಿ. ದೇವರ ಕಥೆಯಾದರೆ ಹಾಡುವವರ ಒಪ್ಪಿಗೆ ಕೇಳಿಯೇ ಬರೆಯಿರಿ. ಕೆಲವನ್ನು ಎಲ್ಲೆಂದರಲ್ಲಿ ಹೇಳುವ ಪದ್ಧತಿ ಇಲ್ಲ.

ಕೋಲಾರ_ಅಚ್ಚುಮೊಳೆ:
ಮುದ್ರಣಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲಾ ಸಿಗುತ್ತೆ. ಮುಕ್ತ ಪರವಾನಗಿ, ಅಚ್ಚು ಹಾಕಬಹುದು, ಅನುವಾದಿಸಬಹುದು. ಲೇಖಕರು, ಚಿತ್ರಕಾರರ ಹೆಸರಿರುವ ಕೊನೆಯ ಪುಟ ಮಾತ್ರ ಕಿತ್ತುಹಾಕಬಾರದು. ಅಲ್ಲಿಯ 1ನೇ ಹಂತದ ಕಥೆಗಳು ಸುಮಾರು 250 ಪದದೊಳಗೆ, 2ನೇ ಹಂತ 600ರವರೆಗೆ. ಚಿಕ್ಕ ತರಗತಿಗಳ ನಲಿಕಲಿ ಮಕ್ಕಳಿಗೆ ಇವೆರಡೇ ಸಾಕು.

ಎ4 ಹಾಳೆ ಮಡಚಿ ಹೊಲಿಗೆ ಪಿನ್ ಹೊಡೆಯುವುದಾದರೆ ಪುಟ ನಾಲ್ಕರ ಗುಣಕದಲ್ಲಿ ಇರಬೇಕು: 16 ಪುಟಕ್ಕೆ 4 ಹಾಳೆ. ಪ್ರಿಂಟರಿನಲ್ಲಿ ‘ಬುಕ್‌ಲೆಟ್’, ಎರಡೂ ಬದಿ, ಗಿಡ್ಡ ಅಂಚಿನಲ್ಲಿ ತಿರುವು. ಉದ್ದ ಅಂಚು ಕೊಟ್ಟರೆ ಹಿಂಬದಿ ತಲೆಕೆಳಗಾಗಿ ಬರುತ್ತೆ. ಕಾಗದ 100 ಜಿಎಸ್‌ಎಂಗಿಂತ ತೆಳುವಾದರೆ ಹಿಂದಿನ ಚಿತ್ರ ಇಣುಕುತ್ತೆ.

ಉರ್ದುವಿಗೆ ಬಲಬದಿ ಬೈಂಡಿಂಗ್ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕಥೆ ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ಇದೇ ಕಾರಣಕ್ಕೆ ಕನ್ನಡ–ಉರ್ದು ಒಂದೇ ಪುಸ್ತಕದಲ್ಲಿ ಬೇಡ, ಚಿತ್ರದ ಸಾಲು ಯಾವುದಾದರೂ ಒಂದಕ್ಕೆ ಉಲ್ಟಾ ಬೀಳುತ್ತೆ. ಎರಡು ಪುಸ್ತಕ ಮಾಡಿ ರಬ್ಬರ್ ಹಾಕಿ ಜೋಡಿ ಇಡಿ.

ಬಾಗೇಪಲ್ಲಿ_ಓದುಮನೆ:
ಎಲ್ಲರಿಗೂ ಧನ್ಯವಾದ. ಒಂದು ಉಳಿಯಿತು: ಮಕ್ಕಳಿಗೆ ಕೊಟ್ಟು ಕಳೆದರೆ ಉಸ್ತುವಾರಿ ಶಿಕ್ಷಕರ ತಲೆಗೇ ಬರುತ್ತೆ ಅಂತ ಬೀರುವಿಗೆ ಬೀಗ ಹಾಕುವ ರೂಢಿ ಇದೆ. ಇದಕ್ಕೇನು?

ಚಿಂತಾಮಣಿ_ದಾಸ್ತಾನು:
ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರ 215ನೇ ನಿಯಮವೇ ವರ್ಷಕ್ಕೆ ಸಾವಿರ ಎರವಲಿಗೆ ಐದು ಪುಸ್ತಕ ಕಳೆಯುವುದು ಸಹಜ ಅನ್ನುತ್ತೆ. ಅದು ಕೇಂದ್ರದ ಗ್ರಂಥಾಲಯಗಳಿಗೆ, ನಿಮಗೆ ನೇರ ಅನ್ವಯ ಆಗಲ್ಲ. ಆದರೂ ಎಸ್‌ಡಿಎಂಸಿ ನಡಾವಳಿಯಲ್ಲಿ ಉಲ್ಲೇಖಿಸಿ, ‘ಹರಿದ, ಕಳೆದ ಪುಸ್ತಕ ವರ್ಷಾಂತ್ಯಕ್ಕೆ ವಜಾ’ ಅಂತ ಮೊದಲೇ ಬರೆಸಿಡಿ. ವಿತರಣಾ ವಹಿಯನ್ನು 5ನೇ ತರಗತಿಯವರೇ ಬರೆಯಲಿ: ತಾರೀಖು, ಪುಸ್ತಕದ ನಂಬರು, ಹೆಸರು, ವಾಪಸ್ಸು, ನಾಲ್ಕೇ ಕಲಂ.

ಹೊಸ ಪುಸ್ತಕಗಳನ್ನು ಬೀರುವಿನೊಳಗೆ ಬೆನ್ನು ಕಾಣುವಂತೆ ಜೋಡಿಸಬೇಡಿ. ಗೋಡೆಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಮುಖಪುಟ ಕಾಣುವಂತೆ ತೂಗುಹಾಕಿ, ಮಕ್ಕಳ ಎದೆಮಟ್ಟಕ್ಕೆ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಿದರೆ ಹಳದಿಯಾಗಿ ಅಂಟು ಜಿನುಗಿ ಪಕ್ಕದ ಪುಟವನ್ನೂ ಹಿಡಿಯುತ್ತೆ. ಬೆನ್ನಿಗೆ ಬಟ್ಟೆ ಟೇಪು ಹಾಕಿ. ಮೈದಾ ಗೋಂದು ಬೇಡವೇ ಬೇಡ, ಜಿರಲೆ ಬರುತ್ತೆ.