ರಿಪೋರ್ಟಿನಲ್ಲಿ ‘ಇಂಟರಪ್ಟೆಡ್ ಐವಿಸಿ’ ಅಂತಿದೆ, ಮಗನಿಗೆ ಏನಾಗಿದೆ ಡಾಕ್ಟ್ರೇ?

ಪ್ರಶ್ನೆ (ಸಕಲೇಶಪುರದ ಒಬ್ಬ ತಂದೆ):
ನಮಸ್ಕಾರ ಡಾಕ್ಟ್ರೇ. ಮಗನಿಗೆ 24 ವರ್ಷ. ಹೋದ ತಿಂಗಳು ಎಡಗಾಲು ಊದಿಕೊಂಡಿತು. ಡಾಪ್ಲರ್ ಮಾಡಿ, ತೊಡೆಯ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಆಮೇಲೆ ಹೊಟ್ಟೆಯ ಸಿಟಿಯಲ್ಲಿ ‘ಇಂಟರಪ್ಟೆಡ್ ಐವಿಸಿ, ಅಜೈಗಸ್ ಕಂಟಿನ್ಯುಯೇಶನ್’ ಎಂದು ಬಂತು. ಅಷ್ಟು ದೊಡ್ಡ ನಾಳವೇ ತುಂಡಾಗಿದ್ದರೆ ಇಷ್ಟು ವರ್ಷ ಕ್ರಿಕೆಟ್ ಆಡಿಕೊಂಡು ಹೇಗಿದ್ದ? ಮೊದಲು ಎರಡು ಸಲ ಅಲ್ಟ್ರಾಸೌಂಡ್ ಆಗಿತ್ತು, ಆಗ ಯಾಕೆ ಸಿಗಲಿಲ್ಲ?

ಉತ್ತರ (ರೇಡಿಯಾಲಜಿಸ್ಟ್):
ತುಂಡಾಗಿಲ್ಲ ಸರ್, ಹುಟ್ಟುವಾಗಲೇ ಕೂಡಿಕೊಂಡಿಲ್ಲ. ಐವಿಸಿ ಅಂದರೆ ಕಾಲು, ಹೊಟ್ಟೆಯ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ನಾಳ. ತಾಯಿಯ ಹೊಟ್ಟೆಯಲ್ಲಿ ಸುಮಾರು 6ರಿಂದ 8 ವಾರದೊಳಗೆ ಮೂರು ಜೊತೆ ನಾಳಗಳು ಹುಟ್ಟಿ, ಕೆಲವು ಉಳಿದು, ಕೆಲವು ಬತ್ತಿ ಇದು ಆಗುತ್ತದೆ. ನಿಮ್ಮ ಮಗನಿಗೆ ಕಿಡ್ನಿಗೂ ಲಿವರಿಗೂ ನಡುವಿನ ತುಣುಕು ಸೇರಿಲ್ಲ. ಹಾಗಾಗಿ ರಕ್ತ ಬೆನ್ನುಮೂಳೆಯ ಪಕ್ಕದ ಅಜೈಗಸ್ ನಾಳ ಹಿಡಿದು ಎದೆಗೆ ಏರಿ, ಮೇಲಿನಿಂದ ಹೃದಯ ಸೇರುತ್ತದೆ. ಶಿರಾಡಿ ಬಂದ್ ಆದರೆ ಚಾರ್ಮಾಡಿ ಹಿಡಿಯುವುದನ್ನು ನಿಮ್ಮೂರಿನವರಿಗೆ ನಾನು ಹೇಳಿಕೊಡಬೇಕಾ?

ಅಜೈಗಸ್ ಸಾಮಾನ್ಯವಾಗಿ ಪೆನ್ನಿನ ರೀಫಿಲ್‌ನಷ್ಟು ಸಣ್ಣ. ಇಂಥವರಲ್ಲಿ ಬೆರಳಿನಷ್ಟು ದಪ್ಪ ಇರುತ್ತದೆ. ಸಿಟಿಯಲ್ಲಿ ಬೆನ್ನುಮೂಳೆಯ ಮುಂದೆ ಒಂದು ದುಂಡಗಿನ ಅಯೋರ್ಟಾ (ಹೃದಯದಿಂದ ರಕ್ತ ಹೊರಗೆ ಒಯ್ಯುವ ದೊಡ್ಡ ನಾಳ) ಕಾಣಬೇಕಾದ ಕಡೆ ಪಕ್ಕಪಕ್ಕ ಎರಡು ದುಂಡು ಕಾಣುತ್ತವೆ.

ಅಲ್ಟ್ರಾಸೌಂಡ್‌ನಲ್ಲಿ ತಪ್ಪಿಹೋಗುವುದು ಸುಲಭ. ಲಿವರಿನ ನಾಳಗಳು ಒಟ್ಟಾಗಿ ಒಂದು ಗಿಡ್ಡ ಕೊಳವೆಯಂತೆ ಹೃದಯಕ್ಕೆ ಸೇರುತ್ತವೆ. ಅಲ್ಲಿ ಪ್ರೋಬ್ ಇಟ್ಟರೆ ಐವಿಸಿ ಇದೆಯಲ್ಲ ಅನಿಸುತ್ತದೆ. ಕೆಳಗೆ ಕರುಳಿನ ಗ್ಯಾಸ್ ಅಡ್ಡ. ಸುಮ್ನೆ ಆ ಡಾಕ್ಟರನ್ನು ಬೈಯಬೇಡಿ, ನನಗೂ ತಪ್ಪಿದೆ.

ಹೆಪ್ಪಿಗೆ ಇದೊಂದೇ ಕಾರಣ ಎನ್ನಲಾಗದು. ಆದರೆ ಚಿಕ್ಕ ವಯಸ್ಸಿನಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ ನಾವು ಐವಿಸಿಯನ್ನು ಹುಡುಕಿ ನೋಡುತ್ತೇವೆ. ರಕ್ತ ತೆಳುವಾಗಿಸುವ ಮಾತ್ರೆ ಎಷ್ಟು ದಿನ ಎನ್ನುವುದು ನಿಮ್ಮ ಡಾಕ್ಟರ ತೀರ್ಮಾನ, ನೀವಾಗಿಯೇ ನಿಲ್ಲಿಸಬೇಡಿ. ಕೆಲವರಿಗೆ ಇದರ ಜೊತೆ ಹಲವು ಚಿಕ್ಕ ಸ್ಪ್ಲೀನ್‌ಗಳು (ಗುಲ್ಮ), ಹೃದಯದ ತೊಂದರೆ ಇರುತ್ತವೆ. ಸಿಟಿಯಲ್ಲಿ ಸ್ಪ್ಲೀನ್ ಹೇಗಿದೆ ಎಂದು ಕೇಳಿ, ಒಂದು ಸಲ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.

ಪ್ರಶ್ನೆ (ಇನ್ನೊಬ್ಬರು):
ತಮ್ಮನಿಗೆ ಕಿಡ್ನಿ ಕೊಡಬೇಕೆಂದಿದ್ದೇನೆ. ನನ್ನ ಎಡ ಕಿಡ್ನಿಯ ನಾಳ ಅಯೋರ್ಟಾದ ಹಿಂದೆ ಹೋಗಿದೆಯಂತೆ. ಕೊಡಬಹುದಾ?

ಉತ್ತರ:
ಅದು ಮುಂದೆ ಹೋಗುವುದು ವಾಡಿಕೆ, ಕೆಲವರಿಗೆ ಹಿಂದೆ. ಅಷ್ಟಕ್ಕೇ ಬೇಡ ಎನ್ನುವುದಿಲ್ಲ ಅಕ್ಕಾ. ಆಪರೇಷನ್ ಮಾಡುವವರಿಗೆ ಮುಂಚೆಯೇ ಗೊತ್ತಿರಲಿ ಎಂದೇ ಈ ಸಿಟಿ ಮಾಡಿಸುವುದು.

ಪ್ರಶ್ನೆ (ಸ್ಕ್ಯಾನ್ ಸೆಂಟರಿನ ಟೆಕ್ನಿಷಿಯನ್):
ಸರ್, ಒಬ್ಬರಿಗೆ ಐವಿಸಿಯಲ್ಲಿ ಕ್ಲಾಟ್ ಇದೆ ಅನಿಸಿತು. ಸ್ವಲ್ಪ ತಡೆದು ಮತ್ತೆ ತೆಗೆದರೆ ಮಾಯ!

ಉತ್ತರ:
ಕ್ಲಾಟ್ ಅಲ್ಲಪ್ಪ ಅದು. ಸಿಟಿಯಲ್ಲಿ ನಾಳಗಳು ಬೆಳ್ಳಗೆ ಕಾಣಲೆಂದು ಡೈ ಕೊಟ್ಟ ಮೇಲೆ ಕಿಡ್ನಿಯಿಂದ ಡೈ ಇರುವ ರಕ್ತ ಬೇಗ ವಾಪಸ್ ಬರುತ್ತದೆ. ಕಾಲಿನಿಂದ ಬರುವ ರಕ್ತದಲ್ಲಿ ಆಗಿನ್ನೂ ಡೈ ಇರುವುದಿಲ್ಲ. ಎರಡೂ ಸೇರುವ ಜಾಗದಲ್ಲಿ, ಡಿಕಾಕ್ಷನ್‌ಗೆ ಹಾಲು ಸುರಿದ ತಕ್ಷಣ ಕಾಣುವ ಹಾಗೆ ಸುಳಿಸುಳಿ. ನಡುವಿನ ಕಪ್ಪು ಭಾಗ ಹೆಪ್ಪಿನಂತೆ ಕಾಣುತ್ತದೆ. ಅನುಮಾನ ಬಂದರೆ ಇನ್ನೊಂದಿಷ್ಟು ಕಾದು ತೆಗೆಯಿರಿ. ಡೈ ಇಲ್ಲದ ಸಿಟಿಯಲ್ಲಿ ಇನ್ನೊಂದು ಮೋಸ ಇದೆ. ಐವಿಸಿ ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿದ್ದರೆ ಎಡಗಡೆಯದ್ದು ಗಂಟಿನ ಹಾಗೆ ಕಾಣುತ್ತದೆ. ಒಂದೊಂದೇ ಚಿತ್ರ ಸರಿಸುತ್ತಾ ಹೋದರೆ ಗಂಟಾದರೆ ಮುಗಿದುಹೋಗುತ್ತದೆ, ನಾಳವಾದರೆ ಮುಂದುವರಿಯುತ್ತದೆ.

ಪ್ರಶ್ನೆ (ಮೊದಲಿನವರೇ):
ಜೀವ ಬಂತು ಡಾಕ್ಟ್ರೇ. ಮುಂದೆ ಬೇರೆ ಆಸ್ಪತ್ರೆಗೆ ಹೋದರೆ ಏನು ಹೇಳಬೇಕು?

ಉತ್ತರ:
ತೊಡೆಸಂದಿಯಿಂದ ಹೃದಯಕ್ಕೆ ಟ್ಯೂಬ್ ಹಾಕುವ ಮಾತು ಬಂದರೆ ಮೊದಲು ಇದನ್ನೇ ಹೇಳಿ, ದಾರಿ ಬೇರೆ. ಎದೆಯ ಎಕ್ಸ್‌ರೇಯಲ್ಲಿ ಶ್ವಾಸನಾಳದ ಬಲಕ್ಕೆ ಈ ದಪ್ಪ ಅಜೈಗಸ್‌ನ ಉಬ್ಬು ಕಂಡು ಗಡ್ಡೆಯೋ ಎಂದು ಯಾರಾದರೂ ಗಾಬರಿಪಡಿಸಿದರೂ ಹೇಳಿ. ಎದೆಯ ಆಪರೇಷನ್ ಆದರಂತೂ ಹೇಳಲೇಬೇಕು. ಆ ಅಜೈಗಸ್‌ಗೆ ದಾರ ಹಾಕಿ ಕಟ್ಟಿಬಿಟ್ಟರೆ ಜೀವಕ್ಕೇ ಅಪಾಯ. ರಿಪೋರ್ಟ್ ಹಾಳೆ ಮಾತ್ರ ಸಾಲದು, ಸಿಡಿಯನ್ನೂ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಫಿಲಂ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ನಿಮ್ಮ ಕಡೆ ಇನ್ನೂ ಜಾಸ್ತಿ ಅಲ್ವಾ?